ಅಮೈನೋ ಆಮ್ಲದ ಕ್ಯಾನು ಬಾಡುವ ಬೆಳೆಗೆ ಎಷ್ಟು ಆಸರೆ?

ಬರ, ಬಿಸಿಲು, ಚೌಳು, ಚಳಿ, ನಿಂತ ನೀರು. ಬೆಳೆಗೆ ಯಾವ ಕಷ್ಟ ಬಂದರೂ ಈಗ ಮೊದಲು ನೆನಪಾಗುವುದು ಅಮೈನೋ ಆಮ್ಲದ ಕ್ಯಾನು. ಕಂದು ಬಣ್ಣದ, ತುಸು ಅಂಟಂಟಾದ ದ್ರವ. ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ ಹೊಡೆದರೆ ಗಿಡ ಚೇತರಿಸಿಕೊಳ್ಳುತ್ತದೆ ಎಂಬುದು ಲೇಬಲ್ಲಿನ ಮಾತು. ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡಿನದಲ್ಲ, ಮೂರು ಬಗೆಯ ಸರಕಿನದು. ಸೋಯಾದಂಥ ಗಿಡಮೂಲದ ಪ್ರೋಟೀನನ್ನು ಕಿಣ್ವದಿಂದ ಒಡೆದು ಮಾಡಿದ ದ್ರವ ಒಂದು. ಚರ್ಮ, ಮೂಳೆಯ ಕೊಲಾಜನ್ ಎಂಬ ಪ್ರೋಟೀನನ್ನು ಆಮ್ಲದಲ್ಲಿ ಬೇಯಿಸಿ ಮಾಡಿದ ದ್ರವ ಇನ್ನೊಂದು. ಮೂರನೆಯದು ಒಂದೇ ಪದಾರ್ಥದ ಪುಡಿಗಳು: ಪ್ರೋಲಿನ್, ಗ್ಲೈಸಿನ್ ಬೀಟೇನ್, ಗಾಬಾ. ಇವು ಕಷ್ಟಕಾಲದಲ್ಲಿ ಹಲವು ಗಿಡಗಳು ತಾವೇ ಮಾಡಿಕೊಳ್ಳುವ ಚಿಕ್ಕ ಅಣುಗಳು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಿಣ್ವದಿಂದ ಒಡೆದ ಗಿಡಮೂಲದ ದ್ರವ, ಸರಿಯಾದ ಹೊತ್ತಿಗೆ ಹೊಡೆದರೆ, ಕೊಳ್ಳಲು ಯೋಗ್ಯ. ಆಮ್ಲದಲ್ಲಿ ಬೇಯಿಸಿದ ಕೊಲಾಜನ್ ದ್ರವವನ್ನು ಉಪ್ಪಿನ ಪರೀಕ್ಷೆ ಮಾಡದೆ ಎಲೆಯ ಮೇಲೆ ಹಾಕಬೇಡಿ. ಪುಡಿಗಳಲ್ಲಿ ಗ್ಲೈಸಿನ್ ಬೀಟೇನಿಗೆ ಮಾತ್ರ ಗಟ್ಟಿ ಆಧಾರವಿದೆ, ಅದೂ ಲೇಬಲ್ ಹೇಳುವ ಪ್ರಮಾಣದಲ್ಲಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣ ಗಿಡದೊಳಗಿನ ಲೆಕ್ಕ.

ಗ್ರಾಮಿನ ಲೆಕ್ಕ, ಕಿಲೋದ ಲೆಕ್ಕ

ಹೆಕ್ಟೇರಿಗೆ 500 ಲೀಟರ್ ನೀರು, ಲೀಟರಿಗೆ 2 ಮಿ.ಲೀ. ಎಂದರೆ ಹೊಲಕ್ಕೆ ಹೋದದ್ದು 1 ಲೀಟರ್ ದ್ರವ. ಅದು ನೀರಿಗಿಂತ ಭಾರ, ಸುಮಾರು 1.2 ಕಿಲೋ ತೂಗುತ್ತದೆ ಎಂದು ಹಿಡಿಯಿರಿ. ಅದರಲ್ಲಿ ಬಿಡಿ ಅಮೈನೋ ಆಮ್ಲ, ಎಂದರೆ ಪ್ರೋಟೀನಿನ ಸರಪಳಿಯಿಂದ ಬಿಡಿಸಿಕೊಂಡ ಕೊಂಡಿಗಳು, ಶೇ. 20 ಇದ್ದರೆ 240 ಗ್ರಾಂ ಆಯಿತು. ಸೋಯಾ ಮೂಲದ್ದಾದರೆ ಆ 240 ಗ್ರಾಮಿನಲ್ಲಿ ಪ್ರೋಲಿನ್ನಿನ ಪಾಲು ಸುಮಾರು ಶೇ. 5, ಎಂದರೆ 12 ಗ್ರಾಂ. ಹೊಡೆದ ಹನಿಯೆಲ್ಲ ಒಂದೂ ನೆಲಕ್ಕೆ ಬೀಳದೆ ಎಲೆಯೊಳಗೆ ಇಳಿಯಿತು ಎಂದೇ ಇಟ್ಟುಕೊಂಡರೂ ಇಷ್ಟೇ.

ಈಗ ಬೆಳೆಯ ಕಡೆಯ ಲೆಕ್ಕ ನೋಡಿ. ತುಂಬಿ ಬೆಳೆದ ಬೆಳೆಯಲ್ಲಿ ಎಲೆಗಳ ಹಸಿ ತೂಕ ಹೆಕ್ಟೇರಿಗೆ 8 ಟನ್ ಎಂದು ಹಿಡಿಯೋಣ. ನೀರಿನ ಕೊರತೆ ಬಿಗಿಯಾದಾಗ ಒಂದು ಗ್ರಾಂ ಹಸಿ ಎಲೆಯಲ್ಲಿ 10 ಮೈಕ್ರೋಮೋಲ್ ಪ್ರೋಲಿನ್ ಕಂಡರೆ ಅದೇನೂ ಅಪರೂಪವಲ್ಲ. ಒಟ್ಟು 80 ಮೋಲ್ ಆಯಿತು. ಪ್ರೋಲಿನ್ನಿನ ಒಂದು ಮೋಲ್ 115 ಗ್ರಾಂ ತೂಗುವುದರಿಂದ ಗಿಡ ತಾನೇ ಕೂಡಿಹಾಕಿಕೊಂಡದ್ದು 9 ಕಿಲೋಗೂ ಹೆಚ್ಚು. ನಾವು ಕೊಟ್ಟದ್ದು 12 ಗ್ರಾಂ.

"ಕಷ್ಟಕಾಲದಲ್ಲಿ ಗಿಡಕ್ಕೆ ಅಮೈನೋ ಆಮ್ಲ ಮಾಡಿಕೊಳ್ಳುವ ಶಕ್ತಿ ಉಳಿತಾಯವಾಗುತ್ತದೆ" ಎಂಬ ಜಾಹೀರಾತಿನ ಮಾತು ಇಲ್ಲಿಗೇ ನಿಲ್ಲುತ್ತದೆ. ಸಾರಜನಕದ ಲೆಕ್ಕದಲ್ಲೂ ಹಾಗೇ. 240 ಗ್ರಾಂ ಅಮೈನೋ ಆಮ್ಲದಲ್ಲಿ ಸಾರಜನಕ ಸುಮಾರು 38 ಗ್ರಾಂ, ಬೆಳೆ ಕೇಳುವುದು ಹೆಕ್ಟೇರಿಗೆ ನೂರು ಕಿಲೋದ ಆಸುಪಾಸು. ಇದು ಗಿಡಕ್ಕೆ ಊಟವಲ್ಲ. ಆದರೂ ಒಳ್ಳೆಯ ದ್ರವ ಕೆಲವೊಮ್ಮೆ ಕಣ್ಣಿಗೆ ಕಾಣುವ ಕೆಲಸ ಮಾಡುತ್ತದೆ. ಅದು ಊಟವಾಗಿ ಅಲ್ಲ, ಸುದ್ದಿಯಾಗಿ. ಈ ವ್ಯತ್ಯಾಸ ಹಿಡಿದರೆ ಯಾವಾಗ ಹೊಡೆಯಬೇಕು, ಯಾವುದನ್ನು ಕೊಳ್ಳಬೇಕು ಎರಡೂ ತಾನಾಗಿ ತಿಳಿಯುತ್ತವೆ.

ಗಿಡದೊಳಗೆ ನಡೆಯುವುದು

ಬಾಡುತ್ತಿರುವ ರೈ ಹುಲ್ಲಿನಲ್ಲಿ ಪ್ರೋಲಿನ್ ಏರುತ್ತದೆ ಎಂದು 1954ರಲ್ಲಿ ವರದಿಯಾಯಿತು. ಅಲ್ಲಿಂದ ಈಚೆಗೆ ಹೆಚ್ಚುಕಡಿಮೆ ಎಲ್ಲ ಬೆಳೆಗಳಲ್ಲೂ ಅದನ್ನು ಅಳೆದಿದ್ದಾರೆ. ಗಿಡ ಪ್ರೋಲಿನ್ನನ್ನು ಮಾಡುವುದು ಗ್ಲುಟಮೇಟ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ, ಎರಡು ಹೆಜ್ಜೆಗಳಲ್ಲಿ. ಮೊದಲ ಹೆಜ್ಜೆಯ ಕಿಣ್ವ ಪಿ5ಸಿಎಸ್, ಇಡೀ ದಾರಿಯ ಬಾಗಿಲು ಅದರ ಕೈಯಲ್ಲಿದೆ. ಎರಡೂ ಹೆಜ್ಜೆಗಳಲ್ಲಿ ಎನ್‌ಎಡಿಪಿಎಚ್ ಖರ್ಚಾಗುತ್ತದೆ. ಅದು ಬೆಳಕಿನ ಶಕ್ತಿ ತುಂಬಿದ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಅಣು. ಈ ಖರ್ಚು ನಷ್ಟವಲ್ಲ. ಪತ್ರರಂಧ್ರ ಮುಚ್ಚಿ ಇಂಗಾಲದ ಡೈಆಕ್ಸೈಡ್ ಒಳಬರದಿದ್ದಾಗಲೂ ಎಲೆಯ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ. ಬಳಕೆಯಾಗದ ಎಲೆಕ್ಟ್ರಾನುಗಳು ಆಮ್ಲಜನಕಕ್ಕೆ ಅಂಟಿ ಎಲೆಯನ್ನೇ ಸುಡುತ್ತವೆ. ಪ್ರೋಲಿನ್ ತಯಾರಿ ಆ ಒತ್ತಡವನ್ನು ತುಸು ಇಳಿಸುವ ಕಿಂಡಿ. ತಯಾರಾದ ಪ್ರೋಲಿನ್ ಜೀವಕೋಶದೊಳಗೆ ನೀರನ್ನು ಹಿಡಿದಿಡುತ್ತದೆ, ಪ್ರೋಟೀನುಗಳ ಆಕಾರ ಕೆಡದಂತೆ ಕಾಯುತ್ತದೆ.

ಇದರಿಂದ ಒಂದು ಮಾತು ಹೊರಡುತ್ತದೆ. ಅರ್ಧ ಲಾಭ ಇರುವುದು ಪ್ರೋಲಿನ್ *ಮಾಡುವ* ಕೆಲಸದಲ್ಲಿ. ಮಾಡಿಟ್ಟ ಪ್ರೋಲಿನ್ನನ್ನು ಹೊರಗಿನಿಂದ ಸುರಿದರೆ ಆ ಅರ್ಧ ಸಿಗುವುದೇ ಇಲ್ಲ.

ನೀರು ಸಿಕ್ಕ ಮೇಲೆ ಗಾಲಿ ಹಿಂದಕ್ಕೆ ತಿರುಗುತ್ತದೆ. ಮೈಟೋಕಾಂಡ್ರಿಯದಲ್ಲಿ ಪ್ರೋಲಿನ್ ಡಿಹೈಡ್ರೋಜನೇಸ್ ಎಂಬ ಕಿಣ್ವ ಪ್ರೋಲಿನ್ನನ್ನು ಮತ್ತೆ ಒಡೆಯತೊಡಗುತ್ತದೆ, ಆ ಶಕ್ತಿ ಹೊಸ ಚಿಗುರಿಗೆ ಹೋಗುತ್ತದೆ. ಕೂಡಿಟ್ಟದ್ದರಲ್ಲಿ ಬಹುಪಾಲು ಒಂದೆರಡು ದಿನದಲ್ಲೇ ಕರಗುತ್ತದೆ. ಒಡೆಯುವ ದಾರಿಯ ನಡುವೆ ಬರುವ ಪಿ5ಸಿ ಎಂಬ ವಸ್ತು ಹೆಚ್ಚಾದರೆ ಗಿಡಕ್ಕೆ ವಿಷ. ಕಷ್ಟವೇ ಇಲ್ಲದ ಗಿಡಕ್ಕೆ ಹೆಚ್ಚು ಪ್ರೋಲಿನ್ ಕೊಟ್ಟಾಗ ಬೆಳವಣಿಗೆ ಕುಂಠಿತವಾಗುವುದಕ್ಕೆ ಇದೊಂದು ಕಾರಣ. ತಂಪು ಹೊತ್ತಿನಲ್ಲಿ, ನೀರು ಚೆನ್ನಾಗಿರುವ ಬೆಳೆಗೆ ವಾರಕ್ಕೊಮ್ಮೆ ಎಂದು ಕ್ಯಾಲೆಂಡರ್ ನೋಡಿ ಹೊಡೆಯುವುದು ದಂಡ ಎನ್ನುವುದು ಇದಕ್ಕೇ.

ಬಿಸಿಲಿನ ವಿಷಯ ಬೇರೆ. ಬರ ಮತ್ತು ಸುಡುಬಿಸಿಲು ಒಟ್ಟಿಗೆ ಬಂದಾಗ ಅರಾಬಿಡಾಪ್ಸಿಸ್ ಗಿಡ ಪ್ರೋಲಿನ್ ಕೂಡಿಸುವುದನ್ನು ಬಿಟ್ಟು ಸುಕ್ರೋಸ್ ಕೂಡಿಸುತ್ತದೆ ಎಂದು 2004ರಲ್ಲಿ ತೋರಿಸಲಾಯಿತು. ಬಿಸಿಯಲ್ಲಿ ಹೊರಗಿನ ಪ್ರೋಲಿನ್ ಗಿಡಕ್ಕೆ ಕೆಡುಕನ್ನೂ ಮಾಡಿತು. ಒಂದು ಚಿಕ್ಕ ಪ್ರಯೋಗದ ಗಿಡದ ಫಲಿತಾಂಶವನ್ನು ಎಲ್ಲ ಬೆಳೆಗಳಿಗೂ ಹಿಗ್ಗಿಸಬಾರದು, ನಿಜ. ಆದರೆ "ಬರಕ್ಕೂ ಸೈ, ಬಿಸಿಲಿಗೂ ಸೈ" ಎಂದು ಒಂದೇ ಪ್ರೋಲಿನ್ ಪುಡಿಯನ್ನು ಮಾರುವವರು ಉತ್ತರಿಸಬೇಕಾದ ಪ್ರಶ್ನೆ ಇದು.

ನೀರು ನಿಂತ ಹೊಲದಲ್ಲಿ ಏರುವುದು ಅಲನಿನ್ ಎಂಬ ಅಮೈನೋ ಆಮ್ಲ. ಬೇರಿಗೆ ಆಮ್ಲಜನಕ ಸಿಗದಿದ್ದಾಗ ಸಕ್ಕರೆ ಒಡೆದು ಬಂದ ಪೈರುವೇಟ್ ಮದ್ಯಸಾರವಾಗಿ ಸೋರಿಹೋಗುತ್ತದೆ. ಅದನ್ನು ಅಲನಿನ್ ಮಾಡಿಟ್ಟುಕೊಂಡರೆ ಇಂಗಾಲವೂ ಸಾರಜನಕವೂ ಒಳಗೇ ಉಳಿದು, ನೀರು ಬಸಿದ ಮೇಲೆ ಪುನಃ ಬಳಕೆಗೆ ಬರುತ್ತವೆ. ಸಕ್ಕರೆ ಖಾಲಿಯಾಗುವಷ್ಟು ದೀರ್ಘ ಬರದಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಒಡೆದು ಮೈಟೋಕಾಂಡ್ರಿಯಕ್ಕೆ ಉರುವಲಾಗುತ್ತವೆ. ಸಿಸ್ಟೀನ್, ಗ್ಲುಟಮೇಟ್, ಗ್ಲೈಸಿನ್ ಮೂರೂ ಸೇರಿ, ಎಲೆ ಸುಡುವ ಆಮ್ಲಜನಕವನ್ನು ತಣಿಸುವ ಗ್ಲುಟಥಯೋನ್ ಆಗುತ್ತದೆ. ಒಂದೊಂದು ಕಷ್ಟಕ್ಕೆ ಗಿಡದ ಲೆಕ್ಕದ ಪುಸ್ತಕ ಒಂದೊಂದು ಬಗೆ. ಒಂದೇ ಕ್ಯಾನು ಎಲ್ಲಕ್ಕೂ ಜಮೆ ತುಂಬುತ್ತದೆ ಎಂದು ನಂಬಲು ಏನೂ ಆಧಾರವಿಲ್ಲ.

ಹಾಗಾದರೆ ಸುದ್ದಿ ಎಂದರೇನು? ಗಾಬಾ ಗಿಡದಲ್ಲಿ ಗ್ಲುಟಮೇಟಿನಿಂದ ಹುಟ್ಟುತ್ತದೆ. ಚಳಿ ತಗುಲಿದರೆ, ಎಲೆ ಜಜ್ಜಿದರೆ ನಿಮಿಷಗಳಲ್ಲಿ ಏರುತ್ತದೆ. ಅದು ಜೀವಕೋಶದ ಪೊರೆಯಲ್ಲಿ ಮ್ಯಾಲೇಟ್ ಎಂಬ ಸಾವಯವ ಆಮ್ಲವನ್ನು ದಾಟಿಸುವ ವಾಹಿನಿಗಳನ್ನು ತಡೆಯುತ್ತದೆ ಎಂದು 2015ರಲ್ಲಿ, ಹಾಗೆಯೇ ಪತ್ರರಂಧ್ರ ಅಗಲವಾಗಿ ತೆರೆಯದಂತೆ ಹಿಡಿಯುತ್ತದೆ ಎಂದು 2021ರಲ್ಲಿ ಪ್ರಕಟವಾಯಿತು. ಎಲೆಯನ್ನು ಹುಳು ಕಡಿದಾಗ ಗಾಯದಿಂದ ಸೋರಿದ ಗ್ಲುಟಮೇಟ್ ಕ್ಯಾಲ್ಸಿಯಂ ಅಲೆಯನ್ನೆಬ್ಬಿಸಿ ದೂರದ ಎಲೆಗೂ ಎಚ್ಚರ ಮುಟ್ಟಿಸುವುದು 2018ರಲ್ಲಿ ಕಂಡಿತು. ಇಂಥ ಕೆಲಸಕ್ಕೆ ಕಿಲೋಗಟ್ಟಲೆ ಬೇಕಿಲ್ಲ. ಕಿಣ್ವದಿಂದ ಒಡೆದ ದ್ರವದಲ್ಲಿ ಉಳಿಯುವ ಚಿಕ್ಕ ಪೆಪ್ಟೈಡುಗಳೂ (ಕೆಲವೇ ಅಮೈನೋ ಆಮ್ಲಗಳ ತುಂಡು ಸರಪಳಿಗಳು) ಬೇರುಗಳ ಕವಲನ್ನು ಹೆಚ್ಚಿಸಬಲ್ಲವು. ನಮ್ಮ ದೃಷ್ಟಿಯಲ್ಲಿ ಕ್ಯಾನಿನ ನಿಜವಾದ ಸರಕು ಇದೇ. ಲೇಬಲ್ಲಿನ ದೊಡ್ಡ ಅಕ್ಷರದ "ಒಟ್ಟು ಅಮೈನೋ ಆಮ್ಲ ಶೇ. 50" ಅಲ್ಲ.

ಮೂರೂ ಬಗೆ, ಒಂದೊಂದಾಗಿ

ಕಿಣ್ವದಿಂದ ಒಡೆಯುವುದು ಸೌಮ್ಯ ಕೆಲಸ. 50–60 ಡಿಗ್ರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ, ಅಮೈನೋ ಆಮ್ಲಗಳು ಗಿಡ ಬಳಸುವ ಎಡಗೈ ರೂಪದಲ್ಲೇ, ಎಂದರೆ ಎಲ್-ರೂಪದಲ್ಲೇ ಉಳಿಯುತ್ತವೆ. ಆಕ್ಸಿನ್ ಹಾರ್ಮೋನಿನ ಮೂಲವಾದ ಟ್ರಿಪ್ಟೋಫ್ಯಾನ್ ಸಾಯುವುದಿಲ್ಲ. ಸೋಯಾ ಸಾಸಿನಂಥ ವಾಸನೆ, ಬೆರೆಸಿದಾಗ ತುಸು ನೊರೆ. ಬಿಡಿ ಅಮೈನೋ ಆಮ್ಲ ಇದರಲ್ಲಿ ಕಡಿಮೆ, ಪೆಪ್ಟೈಡ್ ಹೆಚ್ಚು. ಹಾಗಾಗಿ "ಬಿಡಿ" ಅಂಕಿ ಶೇ. 8 ಅಥವಾ 10 ಎಂದಿದ್ದರೆ ಅದು ಕೊರತೆಯಲ್ಲ. ಒಂದು ದೋಷ ಉಂಟು: ಬೇಗ ಹುಳಿಯುತ್ತದೆ. ಕ್ಯಾನು ಉಬ್ಬಿದ್ದರೆ, ಮುಚ್ಚಳ ತೆರೆದಾಗ ಗಾಳಿ ನುಗ್ಗಿ ಬಂದರೆ ಸೂಕ್ಷ್ಮಜೀವಿಗಳು ಒಳಗೆ ಊಟ ಮುಗಿಸಿವೆ ಎಂದೇ ಅರ್ಥ, ಹಿಂದಿರುಗಿಸಿ. ತಳದಲ್ಲಿ ಬಿಳಿ ಹರಳು ಕಂಡರೆ ಮಾತ್ರ ಗಾಬರಿ ಬೇಡ. ಟೈರೋಸಿನ್ ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಕೂಡ ಕರಗದ ವಸ್ತು, ಸಾಂದ್ರ ದ್ರವದಲ್ಲಿ ಅದು ಕೆಳಗೆ ಕೂರುವುದು ಸಹಜ. ಸೋಸಿ ಬಳಸಿ, ಇಲ್ಲವಾದರೆ ನಾಜಲ್ ಕಟ್ಟಿಕೊಳ್ಳುತ್ತದೆ.

ಆಮ್ಲದ ದಾರಿ ಒರಟು. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೂರು ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಟ್ರಿಪ್ಟೋಫ್ಯಾನ್ ಪೂರ್ತಿ ನಾಶ. ಗ್ಲುಟಮಿನ್, ಅಸ್ಪರಜಿನ್‌ಗಳು ತಮ್ಮ ಅಮೋನಿಯ ಕಳೆದುಕೊಂಡು ಗ್ಲುಟಮೇಟ್, ಅಸ್ಪಾರ್ಟೇಟ್ ಆಗುತ್ತವೆ. ಒಂದಿಷ್ಟು ಪಾಲು ಗಿಡಕ್ಕೆ ಒಗ್ಗದ ಬಲಗೈ ರೂಪಕ್ಕೆ ತಿರುಗುತ್ತದೆ. ಕೊನೆಗೆ ಆಮ್ಲವನ್ನು ಕಾಸ್ಟಿಕ್ ಸೋಡಾ ಹಾಕಿ ತಣಿಸಿದರೆ ಉಳಿಯುವುದು ಅಡುಗೆ ಉಪ್ಪು. 6 ನಾರ್ಮಲ್ ಬಲದ 1 ಲೀಟರ್ ಆಮ್ಲ ತಣಿಸಿದಾಗ ಹುಟ್ಟುವ ಉಪ್ಪು 351 ಗ್ರಾಂ. ಅದನ್ನು ತೆಗೆಯಲು ಖರ್ಚು ಮಾಡಿದ ತಯಾರಕರಿದ್ದಾರೆ, ಮಾಡದವರೂ ಇದ್ದಾರೆ. ಚೌಳು ನೆಲದ ಬೆಳೆಗೆ "ಚೌಳು ನಿವಾರಕ" ಎಂದು ಉಪ್ಪನ್ನೇ ಎರಚುವಂತಾಗುತ್ತದೆ.

ಕೊಲಾಜನ್ನಿನ ಸ್ವಭಾವವೂ ಗೊತ್ತಿರಲಿ. ಅದರ ಮೂರು ಕೊಂಡಿಗಳಲ್ಲಿ ಒಂದು ಗ್ಲೈಸಿನ್. ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಸೇರಿ ಐದರಲ್ಲಿ ಒಂದಕ್ಕಿಂತ ಹೆಚ್ಚು. ಟ್ರಿಪ್ಟೋಫ್ಯಾನ್ ಮೊದಲಿಗೇ ಇಲ್ಲ. ಗಿಡ ತನ್ನ ಕೋಶಗೋಡೆಗೆ ಬೇಕಾದ ಹೈಡ್ರಾಕ್ಸಿಪ್ರೋಲಿನ್ನನ್ನು ಸರಪಳಿ ಕಟ್ಟಿದ ಮೇಲೆ ಅಲ್ಲೇ ಮಾಡಿಕೊಳ್ಳುತ್ತದೆ, ಹೊರಗಿನಿಂದ ಬಂದದ್ದು ಸರಪಳಿಗೆ ಸೇರುವುದಿಲ್ಲ. ಲೇಬಲ್ಲಿನ ಪಟ್ಟಿಯಲ್ಲಿ ಗ್ಲೈಸಿನ್ ಮೇಲೆ ನಿಂತು, ಹೈಡ್ರಾಕ್ಸಿಪ್ರೋಲಿನ್ ಕಂಡು, ಟ್ರಿಪ್ಟೋಫ್ಯಾನ್ ಸೊನ್ನೆ ಇದ್ದರೆ ಮೂಲ ಯಾವುದೆಂದು ಕೇಳಬೇಕಿಲ್ಲ. ಇದಕ್ಕೂ ಒಂದು ನ್ಯಾಯ ಸಲ್ಲಬೇಕು. ಉಪ್ಪು ತೆಗೆದ ಗ್ಲೈಸಿನ್ ದ್ರವ ಸತು, ಕಬ್ಬಿಣವನ್ನು ಚೆನ್ನಾಗಿ ಹಿಡಿದು ಎಲೆಯೊಳಗೆ ದಾಟಿಸುತ್ತದೆ. ಲಘು ಪೋಷಕಾಂಶದ ಜೊತೆಗಾರನಾಗಿ ಕೊಳ್ಳಿ, ಬರದ ಮದ್ದಾಗಿ ಬೇಡ.

ಪುಡಿಗಳಲ್ಲಿ ಗ್ಲೈಸಿನ್ ಬೀಟೇನನ್ನು ಮೇಲಿಡುತ್ತೇವೆ. ಗೋಧಿ, ಬಾರ್ಲಿ, ಪಾಲಕ್, ಸಕ್ಕರೆ ಬೀಟ್ ಇದನ್ನು ತಾವೇ ಮಾಡಿಕೊಳ್ಳುತ್ತವೆ. ಭತ್ತ, ಟೊಮೆಟೊ ಕೂಡಿಡುವುದಿಲ್ಲ, ಆದ್ದರಿಂದ ಹೊರಗಿನಿಂದ ಕೊಟ್ಟದ್ದಕ್ಕೆ ಅರ್ಥ ಇರುವುದು ಇಂಥ ಬೆಳೆಗಳಲ್ಲಿ. ಎಲೆಗೆ ಬಿದ್ದದ್ದು ಚಿಗುರಿಗೆ ಸಾಗುತ್ತದೆ, ಗಿಡದೊಳಗೆ ಸುಲಭವಾಗಿ ಒಡೆಯುವುದೂ ಇಲ್ಲ. ಪ್ರೋಲಿನ್ನಿಗಿಂತ ಇದು ಹೆಚ್ಚು ದಿನ ನಿಲ್ಲುವುದು ಹೀಗೆ. ಆದರೆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸಿದ ಸಾಂದ್ರತೆ 50ರಿಂದ 100 ಮಿಲಿಮೋಲಾರ್. ಲೀಟರಿಗೆ 6ರಿಂದ 12 ಗ್ರಾಂ, 500 ಲೀಟರಿಗೆ 3ರಿಂದ 6 ಕಿಲೋ. ಹೆಕ್ಟೇರಿಗೆ 250 ಗ್ರಾಂ ಸಾಕು ಎನ್ನುವ ಪೊಟ್ಟಣ ಅದೇ ಪ್ರಯೋಗಗಳ ನಕ್ಷೆಯನ್ನು ಹಿಂಬದಿಗೆ ಅಚ್ಚು ಹಾಕಿಕೊಂಡಿದ್ದರೆ ಅದನ್ನು ನಂಬಬೇಡಿ. ಬರೀ ಪ್ರೋಲಿನ್ ಪುಡಿ ನಮ್ಮ ಪಟ್ಟಿಯಲ್ಲಿ ಕೊನೆಯದು, ಕಾರಣ ಮೇಲೆ ಹೇಳಿಯಾಗಿದೆ. ಗಾಬಾ ಬಗ್ಗೆ ಭರವಸೆ ಇದೆ, ಹೊಲದ ಪ್ರಮಾಣದಲ್ಲಿ ಮಾತು ಕೊಡುವಷ್ಟಲ್ಲ.

ಕೊಳ್ಳುವ ಮೊದಲು, ಮೇಜಿನ ಮೇಲೆ

ಮೊದಲ ಪರೀಕ್ಷೆಗೆ ಲೇಬಲ್ಲು ಮತ್ತು ಪೆನ್ನು ಸಾಕು. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16. ಹಾಗಾಗಿ ಒಟ್ಟು ಅಮೈನೋ ಆಮ್ಲ ಶೇ. 50 ಎಂದಿದ್ದರೆ ಸಾವಯವ ಸಾರಜನಕ ಶೇ. 8ರ ಹತ್ತಿರ ಇರಲೇಬೇಕು. ಕೊಲಾಜನ್ ಆದರೆ ತುಸು ಹೆಚ್ಚು. ಶೇ. 4 ಎಂದು ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಬರೀ "ಒಟ್ಟು ಸಾರಜನಕ" ಎಂದು ಕೊಟ್ಟು ಸಾವಯವ, ಅಮೋನಿಯ, ಯೂರಿಯಾ ಎಂದು ಬಿಡಿಸದಿದ್ದರೂ ಅನುಮಾನ ಪಡಿ. ಸಾರಜನಕ ಅಳೆಯುವ ಪ್ರಯೋಗಾಲಯದ ಕೆಲ್ಡಾಲ್ ಪರೀಕ್ಷೆ ಯೂರಿಯಾದ ಸಾರಜನಕವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 1 ಕಿಲೋ ಯೂರಿಯಾ ಸೇರಿಸಿದರೆ ಸಾರಜನಕವನ್ನು 6.25ರಿಂದ ಗುಣಿಸುವ ಲೆಕ್ಕದಲ್ಲಿ ಅದು ಸುಮಾರು 2.9 ಕಿಲೋ ಪ್ರೋಟೀನಿನಂತೆ ಕಾಣುತ್ತದೆ. ಮೋಸಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡನೆಯದಕ್ಕೆ ಇ.ಸಿ. ಮೀಟರ್, ಎಂದರೆ ದ್ರವದ ವಿದ್ಯುತ್ ವಾಹಕತೆ ಅಳೆಯುವ ಸಲಕರಣೆ, ಬೇಕು. 1 ಲೀಟರ್ ಬಟ್ಟಿ ಇಳಿಸಿದ ನೀರಿಗೆ 2 ಮಿ.ಲೀ. ದ್ರವ ಹಾಕಿ ಕಲಕಿ, ಮೀಟರ್ ಅದ್ದಿ. ಬಹುಪಾಲು ಅಮೈನೋ ಆಮ್ಲಗಳಲ್ಲಿ ಧನ, ಋಣ ಎರಡೂ ಆವೇಶ ಸಮವಾಗಿರುವುದರಿಂದ ಅವು ವಿದ್ಯುತ್ತನ್ನು ಹೆಚ್ಚು ಸಾಗಿಸುವುದಿಲ್ಲ. ಮೀಟರ್ ತೋರಿಸುವುದೆಲ್ಲ ಹೆಚ್ಚುಕಡಿಮೆ ಉಪ್ಪೇ. ಮೀಟರಿಗೆ 0.3 ಡೆಸಿಸೀಮೆನ್ಸ್ (dS/m) ಒಳಗಿದ್ದರೆ ಒಳ್ಳೆಯ ದ್ರವ. 1ರ ಹತ್ತಿರ ಬಂದರೆ ಕ್ಯಾನಿನ ತೂಕದಲ್ಲಿ ಐದನೇ ಒಂದು ಭಾಗ ಉಪ್ಪು ಇರುವ ಸಾಧ್ಯತೆ ಇದೆ. ಪೊಟ್ಯಾಶ್ ಅಥವಾ ಸತುವಿನ ಸಲ್ಫೇಟ್ ಸೇರಿಸಿದ ಸರಕಾದರೆ ಅಂಕಿ ತಾನಾಗಿ ಏರುತ್ತದೆ, ಅದನ್ನು ಲೇಬಲ್ಲಿನಲ್ಲಿ ಮೊದಲು ನೋಡಿಕೊಳ್ಳಿ. ಎರಡು ನಿಮಿಷದ ಈ ಕೆಲಸ ಮಾಡದೆ ಯಾರೂ ಆಮ್ಲದ ದ್ರವ ಕೊಳ್ಳಬಾರದು ಎಂದು ಒತ್ತಿ ಹೇಳುತ್ತೇವೆ.

ಮೂರನೆಯದು ಯೂರಿಯಾ ಪತ್ತೆ. ದ್ರವವನ್ನು ಹತ್ತು ಪಟ್ಟು ನೀರಿನಲ್ಲಿ ತೆಳುವಾಗಿಸಿ ಎರಡು ಮುಚ್ಚಳದ ಬಾಟಲಿಗೆ 10 ಮಿ.ಲೀ. ಹಾಕಿ. ಒಂದಕ್ಕೆ ಒಂದು ಚಮಚ ಹಸಿ ಸೋಯಾ ಹಿಟ್ಟು ಬೆರೆಸಿ, ಇನ್ನೊಂದು ಹಾಗೇ ಇರಲಿ. ಹುರಿದ ಅಥವಾ ಬೇಯಿಸಿದ ಹಿಟ್ಟು ಆಗದು, ಯೂರಿಯಾವನ್ನು ಅಮೋನಿಯವಾಗಿ ಒಡೆಯುವ ಕಿಣ್ವ ಸತ್ತಿರುತ್ತದೆ. ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಡಿ. ಆಮೇಲೆ ಎರಡಕ್ಕೂ ಚಿಟಿಕೆ ಸುಣ್ಣದ ಪುಡಿ ಹಾಕಿ, ಒದ್ದೆ ಕೆಂಪು ಲಿಟ್ಮಸ್ ಕಾಗದವನ್ನು ದ್ರವಕ್ಕೆ ತಾಗದಂತೆ ಬಾಯಿಯ ಹತ್ತಿರ ಹಿಡಿಯಿರಿ. ಸೋಯಾ ಹಾಕಿದ ಬಾಟಲಿಯಲ್ಲಿ ಮಾತ್ರ ಕಾಗದ ತಟ್ಟನೆ ನೀಲಿಯಾಗಿ ಮೂಗಿಗೆ ಅಮೋನಿಯ ಬಡಿದರೆ ಯೂರಿಯಾ ಇದೆ. ಎರಡರಲ್ಲೂ ಬಡಿದರೆ ಅಮೋನಿಯಂ ಲವಣ. ಯೂರಿಯಾ ಎಲೆಗೆ ಕೆಟ್ಟದ್ದೇನಲ್ಲ, ಆದರೆ ಅಮೈನೋ ಆಮ್ಲದ ಹೆಸರಿನಲ್ಲಿ ಅದನ್ನು ಕೊಳ್ಳುವ ಅಗತ್ಯವಿಲ್ಲ.

ಹೊಡೆಯುವ ಹೊತ್ತು

ಹೆಚ್ಚಿನವರು ಸೋಲುವುದು ಇಲ್ಲಿ. ಗಿಡ ಮಧ್ಯಾಹ್ನ ತಲೆ ಬಾಗಿಸಿದ್ದನ್ನು ಕಂಡು ಅಂದೇ ಹೊಡೆಯುತ್ತಾರೆ. ಬಾಡಿದ ಎಲೆಯ ಪತ್ರರಂಧ್ರ ಮುಚ್ಚಿರುತ್ತದೆ, ಮೇಣದ ಪದರ ಬಿಗಿದಿರುತ್ತದೆ, ಹನಿ ನಿಮಿಷಗಳಲ್ಲಿ ಆರಿ ಉಪ್ಪಿನ ಕಲೆ ಬಿಡುತ್ತದೆ. ಎಲೆ ಹೀರುವುದು ಹನಿ ಹಸಿಯಾಗಿರುವಷ್ಟು ಹೊತ್ತು ಮಾತ್ರ. ಸುದ್ದಿ ಮುಟ್ಟಬೇಕಾದರೆ ಕಷ್ಟ ಬರುವ ಒಂದರಿಂದ ಮೂರು ದಿನ ಮುಂಚೆ ಮುಟ್ಟಬೇಕು. ಹವಾಮಾನ ಮುನ್ಸೂಚನೆ ನೋಡಿ ಚಳಿ ಅಥವಾ ಒಣಹವೆಗೆ ಮುಂಚೆ ಒಮ್ಮೆ. ತಪ್ಪಿತೋ, ನೀರು ಕೊಟ್ಟು ಎಲೆ ಬೆಳಗಿನಲ್ಲಿ ಮತ್ತೆ ನೆಟ್ಟಗೆ ನಿಂತ ಮೇಲೆ ಇನ್ನೊಮ್ಮೆ. ನಡುವಿನ ದಿನಗಳಲ್ಲಿ ಸ್ಪ್ರೇಯರನ್ನು ಮುಟ್ಟಬೇಡಿ, ಆಗ ಕೆಲಸ ಮಾಡುವುದು ನೀರು, ಮಲ್ಚಿಂಗು, ನೆರಳು ಮಾತ್ರ.

ಸೂರ್ಯ ಇಳಿದ ಮೇಲೆ ಅಥವಾ ಇಬ್ಬನಿ ಆರುವ ಮುಂಚೆ, ಗಾಳಿಯ ಉಷ್ಣತೆ 30 ಡಿಗ್ರಿಯೊಳಗೆ ಇರುವಾಗ ಹೊಡೆಯಿರಿ. ನೀರಿನ ಪಿಎಚ್ 5.5ರಿಂದ 6.5 ಇರಲಿ. ಗಡಸು ನೀರಾದರೆ ಮೊದಲು ಸಿಟ್ರಿಕ್ ಆಮ್ಲ ಹಾಕಿ ಇಳಿಸಿಕೊಳ್ಳಿ. ಅಂಟು ದ್ರಾವಣ ಲೀಟರಿಗೆ ಅರ್ಧ ಮಿ.ಲೀ. ಸಾಕು. ಲೀಟರಿಗೆ 2 ಮಿ.ಲೀ. ದಾಟಬೇಡಿ, ಸಸಿಗಳಿಗೆ 1. "ತುಸು ಜಾಸ್ತಿ ಹಾಕಿದರೆ ತುಸು ಜಾಸ್ತಿ ಫಲ" ಎಂಬುದು ಸುದ್ದಿಯ ವಿಷಯದಲ್ಲಿ ನಡೆಯುವುದಿಲ್ಲ. ಹೆಚ್ಚಾದಾಗ ಮೊದಲು ಕಾಣುವುದು ಎಲೆಯ ಅಂಚಿನಲ್ಲಿ ಒಣಗಿದ ಕಂದು ಗೆರೆ, ಹನಿ ಜಾರಿ ನಿಂತ ತುದಿಯಲ್ಲಿ ಅದು ಇನ್ನೂ ದಟ್ಟ. ಬೆರೆಸಿದ್ದನ್ನು ರಾತ್ರಿ ಟ್ಯಾಂಕಿನಲ್ಲಿ ಬಿಡಬೇಡಿ. ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ತುಂಬಿ ಫಿಲ್ಟರಿಗೆ ಲೋಳೆ ಕಟ್ಟುತ್ತದೆ. ತೇವದ ಹವೆಯಲ್ಲಿ, ಹೂವಿನ ಮೇಲೆ ಬೂದು ಬೂಷ್ಟಿನ ಭಯ ಇರುವ ಬೆಳೆಗೆ ಇದನ್ನು ಕೊಡುವುದೇ ಬೇಡ, ಆ ಶಿಲೀಂಧ್ರದ ಬೀಜಕ ಮೊಳೆಯಲು ಹುಡುಕುವುದು ಇಂಥ ಸಿದ್ಧ ಆಹಾರವನ್ನೇ.

ಮಣ್ಣಿಗೆ ಹಾಕುವವರಿಗೆ ಒಂದೇ ಮಾತು: ಬೇರಿಗೆ ಹೀರುವ ದಾರಿ ಇದೆ, ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕೆಲವೇ ಗಂಟೆಗಳಲ್ಲಿ ತಿಂದು ಮುಗಿಸುತ್ತವೆ.

ಬೆರಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ತಾಮ್ರ. ಒಂದು ಗಾಜಿನ ಲೋಟದಲ್ಲಿ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹಾಕಿ ಸ್ವಲ್ಪ ಹೊತ್ತು ಬಿಡಿ. ತಿಳಿನೀಲಿ ಗಸಿ ಕೆಳಗೆ ಕೂತು ಮೇಲಿನ ನೀರು ಬಣ್ಣವಿಲ್ಲದೆ ನಿಲ್ಲುತ್ತದೆ. ಈಗ ಒಂದು ಚಮಚ ಅಮೈನೋ ಆಮ್ಲದ ದ್ರವ ಹಾಕಿ ಕಲಕಿ. ಗಸಿ ತೆಳುವಾಗುತ್ತ, ಮೇಲಿನ ನೀರಿಗೇ ಕಡುನೀಲಿ ಏರುತ್ತದೆ. ಎಲೆಯ ಮೇಲೆ ಕರಗದೆ ಕೂತು ರೋಗ ತಡೆಯಬೇಕಿದ್ದ ತಾಮ್ರ ಈಗ ಕರಗಿ ಎಲೆಯೊಳಗೆ ಇಳಿಯಲು ಸಿದ್ಧವಾಗಿದೆ. ಒಟ್ಟಿಗೆ ಹೊಡೆದರೆ ಎಲೆ ಸುಡುತ್ತದೆ, ಎಳೆಕಾಯಿಗೆ ಚುಕ್ಕೆ ಬೀಳುತ್ತದೆ. ತಾಮ್ರ ಹೊಡೆದ ಎಲೆಯ ಮೇಲೆ ಅದು ದಿನಗಟ್ಟಲೆ ಉಳಿದಿರುವುದರಿಂದ ಕನಿಷ್ಠ ಒಂದು ವಾರ ಅಂತರ ಕೊಡಿ, ನಡುವೆ ಮಳೆ ಬಂದಿದ್ದರೆ ಒಳ್ಳೆಯದು. ಗಂಧಕ ಮತ್ತು ಖನಿಜ ಎಣ್ಣೆಗಳ ಜೊತೆಗೂ ಬೆರೆಸುವುದಿಲ್ಲ. ಬೇರೆ ಯಾವುದೇ ಔಷಧಿಯಾದರೂ ಅದೇ ಅನುಪಾತದಲ್ಲಿ ಲೋಟದಲ್ಲಿ ಬೆರೆಸಿ ಅರ್ಧ ಗಂಟೆ ನೋಡಿ, ಮೊಸರಿನಂತೆ ಒಡೆದರೆ ಬಿಡಿ.

ಫಲ ಕಂಡಿತೇ ಎಂದು ತಿಳಿಯುವುದು

ಮಾರುವವರು ತೋರಿಸುವ ನಕ್ಷೆಗಳಲ್ಲಿ "ನಮ್ಮ ದ್ರವ ಹೊಡೆದ ಗಿಡದಲ್ಲಿ ಪ್ರೋಲಿನ್ ಏರಿತು" ಎಂಬುದು ಬಹಳ. ಪ್ರೋಲಿನ್ ಅಳೆಯುವ 1973ರ ವಿಧಾನ ಇಂದಿಗೂ ನಡೆಯುತ್ತಿದೆ: ಅರ್ಧ ಗ್ರಾಂ ಎಲೆಯನ್ನು ಶೇ. 3ರ ಸಲ್ಫೋಸ್ಯಾಲಿಸಿಲಿಕ್ ಆಮ್ಲದಲ್ಲಿ ಅರೆದು, ಆಮ್ಲೀಯ ನಿನ್‌ಹೈಡ್ರಿನ್ ಜೊತೆ ಒಂದು ಗಂಟೆ ಕುದಿನೀರಿನಲ್ಲಿಟ್ಟು, ಕೆಂಪು ಬಣ್ಣವನ್ನು ಟಾಲ್ಯೂಯಿನಿಗೆ ಎಳೆದು 520 ನ್ಯಾನೋಮೀಟರಿನಲ್ಲಿ ಓದುವುದು. ಅಂಕಿ ನಿಜವೇ ಇರಬಹುದು. ಆದರೆ ಏರಿದ ಪ್ರೋಲಿನ್ ತಾಳಿಕೆಯ ಗುರುತೂ ಹೌದು, ಏಟು ಬಿದ್ದದ್ದರ ಗುರುತೂ ಹೌದು. ದ್ರವ ನಿಜವಾಗಿ ಗಿಡವನ್ನು ಕಾಪಾಡಿದ್ದರೆ ಅದರ ಪ್ರೋಲಿನ್ ಪಕ್ಕದ ಗಿಡಕ್ಕಿಂತ ಕಡಿಮೆ ಇರುವುದೂ ಉಂಟು. ಆ ಒಂದು ಅಂಕಿಯ ಮೇಲೆ ಹಣ ಹಾಕಬೇಡಿ.

ನೋಡಬೇಕಾದದ್ದು ಎಲೆಯ ನೀರು. ಒಂದೇ ವಯಸ್ಸಿನ ಎಲೆಗಳಿಂದ ಚಕ್ಕೆ ಕತ್ತರಿಸಿ ತೂಗಿ, ನಾಲ್ಕು ಗಂಟೆ ನೀರಿನಲ್ಲಿ ತೇಲಿಸಿ ಒರೆಸಿ ತೂಗಿ, 70 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಮೊದಲ ತೂಕದಿಂದಲೂ ನೆನೆಸಿದ ತೂಕದಿಂದಲೂ ಒಣ ತೂಕ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿ. ಹೊಡೆದ ಪಟ್ಟಿಗೂ ಹೊಡೆಯದ್ದಕ್ಕೂ ನಾಲ್ಕೈದು ಅಂಶದ ಅಂತರ ಮತ್ತೆ ಮತ್ತೆ ಕಂಡರೆ ಮಾತ್ರ ಕೆಲಸ ನಡೆದಿದೆ ಎನ್ನಿ.

ಪಟ್ಟಿ ಹಾಕುವಾಗ ಬಹುತೇಕ ಎಲ್ಲರೂ ಬಿಡುವ ಒಂದನ್ನು ಸೇರಿಸಿಕೊಳ್ಳಿ. ಬರೀ ನೀರು ಹೊಡೆದ ಪಟ್ಟಿ, ದ್ರವ ಹೊಡೆದ ಪಟ್ಟಿ, ಇವುಗಳ ಜೊತೆ ಅಷ್ಟೇ ಸಾರಜನಕದ ಯೂರಿಯಾ ಹೊಡೆದ ಮೂರನೇ ಪಟ್ಟಿ. ಮೇಲಿನ ಲೆಕ್ಕದ 38 ಗ್ರಾಂ ಸಾರಜನಕಕ್ಕೆ ಹೆಕ್ಟೇರಿಗೆ 83 ಗ್ರಾಂ ಯೂರಿಯಾ ಸಾಕು. ಮೂರಕ್ಕೂ ಅದೇ ಅಂಟು ದ್ರಾವಣ, ಅದೇ ಹೊತ್ತು, ಅದೇ ನಾಜಲ್. ಒಂದೊಂದನ್ನೂ ಹೊಲದ ಬೇರೆ ಬೇರೆ ಕಡೆ ಕನಿಷ್ಠ ನಾಲ್ಕು ಸಲ ಹಾಕಿ, ಅಂಚಿನ ಸಾಲುಗಳನ್ನು ಲೆಕ್ಕದಿಂದ ಬಿಡಿ. ಯೂರಿಯಾ ಪಟ್ಟಿಯೂ ದ್ರವದ ಪಟ್ಟಿಯೂ ಒಂದೇ ಥರ ಕಂಡರೆ ಕ್ಯಾನು ಅಂಗಡಿಯಲ್ಲೇ ಇರಲಿ. ದ್ರವದ ಪಟ್ಟಿ ಎರಡನ್ನೂ ಮೀರಿ ನಿಂತರೆ, ಆ ಬೆಳೆಗೆ, ಆ ಹಂತದಲ್ಲಿ, ಮುಂದಿನ ಒಣಹವೆಗೆ ಎರಡು ದಿನ ಮುಂಚೆ ಮತ್ತೆ ಕೊಳ್ಳಿ.